ಎಲೆ ಮುಂದೆ ಆದ ಗಾಡಿ

“ಆ ಆಚಾರಿ ಮಾಡಿದ ಗಾಲಿ ಸದ್ದು ಮಾಡಲ್ಲ. ಗಾಡಿ ಬಂದರೆ ನನಗೆ ಗೊತ್ತಾಗಲ್ಲ. ನೀವೇ ಎಬ್ಬಿಸಬೇಕು.”

ಬೋರಕ್ಕ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಮಲಗಿದಳು. ಮತ್ತೆ ಏಳಲಿಲ್ಲ.

ಗಂಡ ಓಬಳಯ್ಯ. ಹಿರೇಕಲ್ಲು ಪಾಳೆಯದ ದೊರೆ ಬೊಮ್ಮಣ್ಣ ನಾಯಕನ ಆಸ್ಥಾನದಲ್ಲಿ ನಗಿಸೋದು ಅವನ ಕೆಲಸ. ಬೋರಕ್ಕನಿಗೆ ಮಂಡಿ ನೋವು. ತಂಗಿಯ ಊರಿಗೆ ಹೋಗಬೇಕು ಅಂತ ಆಸೆ. ಕಾಲು ನೀಡಿ ಕೂರೋ ಹಾಗೆ, ಬೆನ್ನಿಗೆ ಒರಗು ಇರೋ ಗಾಡಿ ಬೇಕು ಅಂತ ಮೌನಾಚಾರಿಗೆ ಹೇಳಿದ್ದರು. ಅವಳು ಹೋದಳು. ಗಾಡಿ ಬರಲಿಲ್ಲ.

ಮೌನಾಚಾರಿಯ ಹಾಗೆ ಗಾಡಿ ಮಾಡುವವನು ಸೀಮೆಯಲ್ಲೇ ಇರಲಿಲ್ಲ. ಅವನ ಹಾಗೆ ತಡ ಮಾಡುವವನೂ ಇರಲಿಲ್ಲ.

“ಆಗೋಯ್ತು. ಗಾಲಿ ಒಂದು ಬಾಕಿ” ಅನ್ನುವನು.

ಗಾಲಿ ಎಲ್ಲಿ ಅಂದರೆ, “ದೊಡ್ಡವರ ಗಾಡಿಗೆ ಸಿಕ್ಕಸಿಕ್ಕ ಮರ ಹಾಕೋಕಾಗುತ್ತಾ? ನಿಮಗೇ ಅಂತ ಒಂದು ಜಾಲಿಮರ ನೋಡಿಟ್ಟಿದ್ದೀನಿ. ಬೆಳೀತಾ ಇದೆ” ಅನ್ನುವನು.

ಜೋರು ಮಾಡಿದರೆ ಒಂದು ಗೂಟ ತಂದು ಕೈಗಿಡುವನು. ಗೂಟದ ತುದಿಯಲ್ಲಿ ಗಿಳಿ ಕೆತ್ತಿರುವನು. “ಗಿಳಿ ನೋಡಿ, ಎಷ್ಟು ಚಂದ!”

ಬಂದವರು ಗಿಳಿ ನೋಡಿ ಮನೆಗೆ ಹೋಗುವರು.

ದೊರೆಯೂ ಒಂದು ಗಾಡಿಗೆ ಹೇಳಿದ್ದ. ಯುಗಾದಿಗೆ ಹೊಸ ಗಾಡಿಯಲ್ಲೇ ಬರ್ತೀನಿ ಅಂತ ಮಾವನ ಮುಂದೆ ಕೊಚ್ಚಿಕೊಂಡಿದ್ದ. ಯುಗಾದಿ ಹತ್ತಿರ ಬಂತು. ದೊರೆಯ ಹತ್ತಿರ ಇದ್ದದ್ದು ಗಿಳಿ ಮಾತ್ರ.

“ಲೋ ಓಬಳ, ಅವನನ್ನ ಹೊಡೀಬಾರದು, ಸೆರೆಗೆ ಹಾಕಬಾರದು. ಕೈ ನಡುಗಿದರೆ ಗಾಲಿ ಕಿರುಗುಟ್ಟುತ್ತೆ. ಆದರೂ ಗಾಡಿ ಬರಬೇಕು. ಬರದಿದ್ದರೆ ಮಾವನ ಮನೆಗೆ ನೀನೇ ನನ್ನ ಹೊತ್ತುಕೊಂಡು ಹೋಗಬೇಕು.”

ಓಬಳಯ್ಯ ದೊರೆಯ ಹೊಟ್ಟೆ ನೋಡಿದ. ತನ್ನ ಬೆನ್ನು ಮುಟ್ಟಿಕೊಂಡ.

“ಆಚಾರಿಗೆ ಒಂದು ಔತಣ ಕೊಡಿ, ಬುದ್ಧಿ. ನೀವೂ ಅವನ ಪಕ್ಕ ಕೂತುಕೊಳ್ಳಿ. ಬಡಿಸೋದು ನನಗೆ ಬಿಡಿ.”

“ಗಾಡಿ ತಾ ಅಂದರೆ ಊಟ ಹಾಕು ಅಂತೀಯಲ್ಲೋ!”

ಆ ಅರಮನೆಯಲ್ಲಿ ಎರಡು ಕಟ್ಟಳೆ ಇದ್ದವು. ಎಲೆ ಮುಂದೆ ಕೂತವನು ಉಣ್ಣದೆ ಏಳುವಂತಿಲ್ಲ. ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸದೆ ಇರೋದನ್ನು ಇನ್ನೊಬ್ಬರಿಗೆ ಬಡಿಸುವಂತಿಲ್ಲ, ದೊರೆಯಾದರೂ ಸರಿ.

ಅಂಗಳದ ಚಪ್ಪರದಡಿ ಎಲೆ ಹಾಕಿದರು. ಮೌನಾಚಾರಿ ಬೆಳಗಿನ ಗಂಜಿ ಬಿಟ್ಟು ಬಂದಿದ್ದ. ದೊರೆ ಅವನ ಪಕ್ಕ ಕೂತ. ಓಬಳಯ್ಯ ಬಂದು ಎಲೆಯ ತುದಿಗೆ ಉಪ್ಪು ಹಾಕಿದ.

“ಉಪ್ಪು ನೋಡಿ ಆಚಾರ್ರೇ, ಎಷ್ಟು ಚಂದ!”

“ಚಂದ, ಚಂದ. ಅನ್ನ?”

“ಆಗೋಯ್ತು. ಬೇಯೋದೊಂದು ಬಾಕಿ.”

ಬಿಸಿಲು ಚಪ್ಪರದ ಆ ಕಡೆಯಿಂದ ಈ ಕಡೆಗೆ ಬಂತು. ಆಚಾರಿ ಉಪ್ಪು ನೆಕ್ಕಿದ. ದೊರೆಯ ಹೊಟ್ಟೆ ಗುಡುಗಿತು.

“ಓಬಳಯ್ಯನೋರೇ, ಅನ್ನ!”

“ನಿಮ್ಮಂಥವರ ಎಲೆಗೆ ಸಿಕ್ಕಸಿಕ್ಕ ಅಕ್ಕಿ ಹಾಕೋಕಾಗುತ್ತಾ? ನಿಮಗೇ ಅಂತ ಬೇರೆ ಗದ್ದೆಯಲ್ಲಿ ಬೆಳೆಸಿದ್ದೀವಿ. ಭತ್ತ ಕಣದಲ್ಲಿದೆ.”

“ತರಿಸಿ ಮತ್ತೆ!”

“ತರೋಕೆ ಗಾಡಿ ಬೇಕಲ್ಲ.”

ಆಚಾರಿ ಏಳೋಕೆ ಹೋದ. ಕಟ್ಟಳೆ ನೆನಪಾಯಿತು. ಮತ್ತೆ ಕೂತ.

“ಗಾಡಿ ಎಲ್ಲಾ ಆಗಿದೆ ಮಾರಾಯ್ರೇ” ಅಂದ ಸಣ್ಣ ದನಿಯಲ್ಲಿ. “ಗಾಲಿ, ಅಚ್ಚು, ಮೂಕಿ, ನೊಗ, ಎಲ್ಲಾ ಕೊಟ್ಟಿಗೆಯಲ್ಲಿದೆ. ಜೋಡಿಸಿಲ್ಲ ಅಷ್ಟೇ.”

“ಯಾಕೆ ಜೋಡಿಸಲಿಲ್ಲ?”

“ಜೋಡಿಸಿದರೆ ತಗೊಂಡು ಹೊರಟುಬಿಡ್ತಾರೆ. ಮತ್ತೆ ನೋಡೋಕೆ ಸಿಗಲ್ಲ.”

ಓಬಳಯ್ಯ ಉಪ್ಪಿನ ಬಟ್ಟಲು ಕೆಳಗಿಟ್ಟ.

“ಹೌದು, ಸಿಗಲ್ಲ” ಅಂದ. “ಜೋಡಿಸಿ.”

ಆಳುಗಳು ಓಡಿದರು. ಯಾವುದನ್ನು ತರಬೇಕು ಅಂತ ಓಬಳಯ್ಯ ಅವರ ಕಿವಿಯಲ್ಲಿ ಹೇಳಿ ಕಳಿಸಿದ್ದ. ಆಚಾರಿ ಎಲೆ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡೇ ಗೂಟ ಬಡಿಯೋ ಕೊಡತಿ ಹಿಡಿದ. ಆಳುಗಳು ಗಾಲಿ ಉರುಳಿಸಿ ಅವನ ತೊಡೆಯ ಹತ್ತಿರ ತಂದರು. ಅಚ್ಚು ಎತ್ತಿಕೊಟ್ಟರು. ಒಂದು ಗೂಟ ದೊರೆಯ ಎಲೆ ಮೇಲೆ ಬಿತ್ತು. ಹಸಿದ ದೊರೆ ಕೈ ಹಾಕಿಯೇಬಿಟ್ಟ. ನೋಡಿದರೆ ಗಿಳಿ.

ಹೊತ್ತು ಇಳಿಯುವ ಮೊದಲು ಗಾಡಿ ನಿಂತಿತು. ಭತ್ತ ತಂದರು, ಕುಟ್ಟಿದರು, ಬೇಯಿಸಿದರು. ಎಲೆಗೆ ಅನ್ನ ಬಿತ್ತು. ಆಗ ದೊರೆ ತಲೆಯೆತ್ತಿ ಗಾಡಿ ಸರಿಯಾಗಿ ನೋಡಿದ. ಚಿಕ್ಕ ಗಾಡಿ. ಹಿಂದೆ ಒರಗು. ಕಾಲು ನೀಡೋಕೆ ಜಾಗ.

“ಲೋ! ಇದು ನನ್ನ ಗಾಡಿ ಅಲ್ಲ!”

“ಮೊದಲು ಗಾಡಿಗೆ ಹೇಳಿದ್ದು ಬೋರಕ್ಕ, ಬುದ್ಧಿ.”

“ನಂದೆಲ್ಲೋ?”

“ಆಗೋಯ್ತು. ಗಾಲಿ ಒಂದು ಬಾಕಿ.”

ದೊರೆ ಕೆಂಗಣ್ಣು ಬಿಟ್ಟ. “ಆಯ್ತು, ಮೊದಲು ಸಾರು ಹಾಕು!”

“ಆಚಾರಿಗೆ ಅನ್ನ ಬಿದ್ದದ್ದು ಬೋರಕ್ಕನ ಗಾಡಿಗೆ. ಸಾರು ನಿಮ್ಮ ಗಾಡಿ ಆದಮೇಲೆ.”

“ಅವನಿಗೆ ಹಾಕಬೇಡ. ನನಗೆ ಹಾಕೋ!”

“ಪಂಕ್ತಿಭೇದ ಮಾಡಬಾರದು, ಬುದ್ಧಿ. ನಿಮ್ಮ ತಾತನೋರು ಮಾಡಿದ ಕಟ್ಟಳೆ.”

ಆಚಾರಿ ಬರೀ ಅನ್ನ ನೋಡಿದ. ದೊರೆಯೂ ಬರೀ ಅನ್ನ ನೋಡಿದ. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂತು.

“ನನ್ನ ಕೊಟ್ಟಿಗೆಯಲ್ಲಿ ಇರೋ ಇನ್ನೊಂದು ರಾಶೀನೂ ತನ್ರೋ!” ಅಂತ ಆಚಾರಿ ಕೂಗಿದ. ಈ ಸಲ ಆಚೆ ಕಡೆಯ ಗಾಲಿ ಹಿಡಿದುಕೊಂಡವನು ದೊರೆಯೇ, ಕೂತ ಕಡೆಯಿಂದ.

ದೊರೆಯ ಗಾಡಿಯೂ ಎದ್ದು ನಿಂತಿತು. ಸಾರು ಬಿತ್ತು. ಎರಡು ತುತ್ತು ಒಳಗೆ ಹೋದಮೇಲೆ ದೊರೆಗೆ ನಗು ಬಂತು. ನಕ್ಕು ನಕ್ಕು ಕೆಮ್ಮಿದ. “ನಿನ್ನ ಬೆನ್ನು ಉಳೀತು ಕಣೋ. ಏನು ಬೇಕು ಕೇಳು.”

“ಗಾಡಿ ಆಯ್ತು, ಬುದ್ಧಿ. ಎತ್ತು ಇಲ್ಲ.”

ದೊರೆ ತನ್ನ ಬಿಳಿ ಜೋಡಿ ಎತ್ತು ಕೊಟ್ಟ.

ಮಾರನೆ ಬೆಳಿಗ್ಗೆ ಓಬಳಯ್ಯ ಎತ್ತು ಕಟ್ಟಿದ. ಬೋರಕ್ಕನನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಗಾಡಿ ತಂದು ನಿಲ್ಲಿಸಿದ. ಗಾಲಿ ಸದ್ದೇ ಮಾಡಲಿಲ್ಲ. ಇಳಿದು ಹೋಗಿ, “ಏಳೇ, ಗಾಡಿ ಬಂತು” ಅಂದ.

ಸ್ವಲ್ಪ ಹೊತ್ತು ಕಾದ. ಆಮೇಲೆ ಒರಗಿನ ಜಾಗ ಖಾಲಿ ಬಿಟ್ಟು, ಮುಂದೆ ಮೂಕಿಯ ಮೇಲೆ ಕೂತು, ಅವಳ ತಂಗಿಯ ಊರಿನ ಕಡೆಗೆ ಮೆಲ್ಲಗೆ ಗಾಡಿ ಹೊಡೆದ.