ಸಂಕವ್ವಗ ಬಿಸಿಲು ಕೊಟ್ಟ ಗುರಬಸ್ಯಾ

ಕುಂದರ್ರಿ, ಚಾ ಆರೂದ್ರೊಳಗ ಹೇಳಿ ಮುಗಸ್ತೀನಿ. ಗುಳೇದಗುಡ್ಡದಾಗ ಸಂಕವ್ವ ಅಂತ ಒಬ್ಬಾಕಿ ಕುಬಸದ ಖಣ ನೇಯಾಕಿ. ಆಕಿ ಮಗ ಗುರಬಸ್ಯಾ. ಮೈಯಾಗ ಕೋಣನ ಶಕ್ತಿ, ತಲಿಯಾಗ ಬರೇ ಹೊಟ್ಟು. ಹೇಳಿದ್ದು ಹೇಳಿದಂಗ ಮಾಡಾಂವ, ಒಂದೆಳಿ ಆಚೆ ಇಲ್ಲ, ಈಚೆ ಇಲ್ಲ!

ಸಂಕವ್ವ ಮುಂಜಾನಿಂದ ಸಂಜೀತನಕ ಕತ್ತಲಮನ್ಯಾಗ, ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂದರಾಕಿ. ಆಕಿಗೆ ಬೆನ್ನು ಹತ್ತಿದ್ದು ಅರೆತಲೆನೋವು. ಎಡಗಣ್ಣಿನ ಮ್ಯಾಲ ಕುಟ್ಟಿದಂಗ ಆಗೂದು, ವಾಂತಿ ಬ್ಯಾರೆ. ಮಗಳ ಮದಿವಿ ಖಣ ಮಗ್ಗದ ಮ್ಯಾಲ ಅರ್ಧಕ್ಕ ನಿಂತಿತ್ತು.

ಡಾಕ್ಟರಮ್ಮ ರಕ್ತ ನೋಡಿ, "ವಿಟಮಿನ್ ಡಿ ಭಾಳ ಕಡಿಮಿ ಐತಿ. ಕಡಿಮಿ ಇದ್ದವರಿಗೆ ಈ ನೋವು ಹೆಚ್ಚು ಕಾಡತೈತಿ ಅಂತಾರ. ತುಂಬಿಕೊಂಡ್ರ ಹಗುರ ಆದರೂ ಆಗಬಹುದು. ತಮ್ಮಾ, ಅವ್ವಗ ಬಿಸಿಲು ತೋರಸು," ಅಂದ್ರು.

ತೋರಿಸಿದ! ಮಟಮಟ ಮಧ್ಯಾಹ್ನ, ತಲಿ ಹಿಡಕೊಂಡು ಮಲಗಿದಾಕಿನ್ನ ಹೊರಸಿನ ಸಮೇತ ಎತ್ತಿ ಅಂಗಳದಾಗ ಇಟ್ಟ!

"ಅಯ್ಯಯ್ಯೋ, ಕಣ್ಣು ಸೀಳಾಕ ಹತ್ತೈತಿ! ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬೆಳಗಿನ ಬಿಸಿಲಿಗೆ ಇಡಬೇಕೋ, ಮ್ಯಾಲ ಅರಬಿ ಹೊಚ್ಚಬೇಕೋ!"

"ಮುಂದ ಹಂಗ ಮಾಡ್ತೀನಿ ತಗೋ ಅವ್ವಾ."

ಮರುದಿನ ದವಾಖಾನಿಗೆ ವಿಟಮಿನ್ ಗುಳಿಗಿ ತರಾಕ ಕಳಿಸಿದಳು. ತಂದ. ತಂದು ಬೆಳಗಿನ ಬಿಸಿಲಿಗೆ ಕಟ್ಟಿ ಮ್ಯಾಲ ಸಾಲಾಗಿ ಇಟ್ಟು, ಅರಬಿ ಹೊಚ್ಚಿ, ಕಾವಲು ಕುಂತ. ಬಿಸಿಲು ಏರಿದ್ರೂ ಏಳಲಿಲ್ಲ. ಎಣ್ಣೀ ಗುಳಿಗಿ ಎಲ್ಲಾ ಅಂಟಿಕೊಂಡು ಒಂದ ಉಂಡಿ ಆದುವು.

"ಮೂಳಾ! ದವಾಖಾನಿಯಿಂದ ತಂದದ್ದು ನನ್ನ ಬಾಯಾಗ ಹಾಕಿ ನೀರು ಕುಡಸಬೇಕೋ!"

"ಮುಂದ ಹಂಗ ಮಾಡ್ತೀನಿ ತಗೋ ಅವ್ವಾ."

ಮೂರನೇ ದಿನ ಮತ್ತ ಗುಳಿಗಿ ತರಾಕ ಹೋದ್ರ, ಡಾಕ್ಟರಮ್ಮ ಒಂದು ಚೀಟಿ ಬರೆದು ಕೊಟ್ರು. ಗುರಬಸ್ಯಾ ಓಡಿ ಬಂದ. ಅವ್ವ ಆಕಳಿಸಾಕ ಬಾಯಿ ತೆಗೆದಿದ್ದ ತಡ, ಚೀಟಿ ಒಳಗ! ಹಿಂದ ಒಂದು ಚರಗಿ ನೀರು!

ಸಂಕವ್ವ ಕೆಮ್ಮಿ ಕೆಮ್ಮಿ ಉಗುಳಿದಳು. "ಯಾರ ಕಡಿಂದರ ಓದಿಸಬೇಕೋ ಹುಚ್ಚಾ! ಅದರಾಗ ಬರೆದಷ್ಟು ಮಾಡಬೇಕೋ! ಮದಿವಿ ನಾಕ ದಿನ ಐತಿ, ನಾ ಅಂತೂ ಮಗ್ಗ ಬಿಟ್ಟು ಏಳಂಗಿಲ್ಲ!"

ತೊಯ್ದ ಚೀಟಿ ಮಾಸ್ತರ ಕಡೆ ಓದಿಸಿದ: "ಮುಂಜಾನೆ ಅರ್ಧ ತಾಸು ಬಿಸಿಲು. ದಿನಾ."

ಮರುದಿನ ಮುಂಜಾನೆ ಸಂಕವ್ವ ನೇಯಾಕ ಕುಂತಾಳ, ಮ್ಯಾಲಿಂದ ಕರ್ರ್, ಕರ್ರ್! ನೋಡಿದ್ರ ಮಗ್ಗದ ಮ್ಯಾಲಿನ ಚಾವಣಿ ತಗಡು ಮಂಗಮಾಯ, ಆ ಕಿಂಡ್ಯಾಗ ಗುರಬಸ್ಯಾನ ಮಾರಿ! ಬಯ್ಯಾಕ ಬಾಯಿ ತೆಗೆದಳು. ಅಷ್ಟರಾಗ ಎಳೀ ಬಿಸಿಲು ಹೆಗಲಿಗೆ ಬಿತ್ತು. ಹಾಯ್ ಅನಿಸ್ತು. ಎಷ್ಟೋ ದಿನದ ಮ್ಯಾಲ ನಗು ಬಂತು. "ಪೆದ್ದ ಆದ್ರೂ ಎಂಥಾ ಮಗ ನನ್ನಾಂವ!" ಅಂತ ಪಟಪಟ ಲಾಳಿ ಎಸೆದು ಒಂದು ಗೇಣು ನೇಯ್ದಳು.

ಅರ್ಧ ತಾಸು ಆತು. ತಗಡು ವಾಪಸ್ ಬಂತು. ಸುತ್ತಿಗಿನೂ ಬಂತು. ಸೀದಾ ಆಕಿ ನೆತ್ತಿ ಮ್ಯಾಲಿನ ತಗಡಿಗೆ ಢಣ್! ಢಣ್! ಢಣ್!

"ಅಯ್ಯೋ ನನ್ನ ತಲೀ! ನಿಲ್ಲಸೋ!"

"ಇನ್ನ ಇಪ್ಪತ್ತ ಮೊಳಿ ಅವ್ವಾ! ನೀ ಚಿಂತಿ ಮಾಡಬ್ಯಾಡ, ನಾಳೆ ಮತ್ತ ಕೀಳ್ತೀನಿ!"