ಕೂಗು ಎಷ್ಟುದ್ದ?

ಹುಲಿ ಬಂದರೆ ಕೂಗಿ ಎಚ್ಚರಿಸುವ ಕಾವಲಿಗೆ ಹೊಸದಾಗಿ ಮರವೇರಿದ ಮುಸುವ, ಕೆಳಗೆ ಮರಿಯೊಂದಿಗೆ ಮೇಯುತ್ತಿದ್ದ ಜಿಂಕೆಯನ್ನು ಕೇಳಿತು: "ಅಕ್ಕಾ, ಹುಲಿ ಕಂಡರೆ ಎಷ್ಟುದ್ದ ಕೂಗಲಿ?"

"ಅದು ಯಾವ ಕಡೆ ಇದೆ ಅಂತ ನಮಗೆ ತಿಳಿಯುವಷ್ಟು ಕೂಗಪ್ಪ, ಸಾಕು."

"ಅಷ್ಟೇನಾ? ಅಷ್ಟನ್ನು ಯಾವ ಕೋತಿಯಾದರೂ ಕೂಗುತ್ತದೆ. ನಾನು ಬಾಯಿ ತೆರೆದರೆ ಕಾಡೇ ನಿಂತು ಕೇಳಬೇಕು!"

ಮಧ್ಯಾಹ್ನ ಹಳ್ಳದ ಪೊದೆಯಲ್ಲಿ ಹುಲಿ ಕಂಡಿತು. ಮುಸುವ ಎದೆಯುಬ್ಬಿಸಿತು.

"ಕೇಳಿರಿ, ಕಾಡಿನ ಬಂಧುಗಳೇ! ಏಳು ತಲೆಮಾರಿನಿಂದ ಈ ಕೊಂಬೆಯಲ್ಲಿ ಕೂತು ನಿಮ್ಮನ್ನು ಕಾಯ್ದ ವಂಶ ನಮ್ಮದು. ನಮ್ಮಜ್ಜನ ಕಣ್ಣು ಎಂಥದ್ದು ಬಲ್ಲಿರಾ?"

ಮಾತು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಜಿಂಕೆಗಳೆಲ್ಲ ಮೇವು ಬಿಟ್ಟು, ಕಿವಿ ನಿಮಿರಿಸಿ ನಿಂತವು. ಮಾತು ಅಜ್ಜನನ್ನು ದಾಟಿ ಹಳ್ಳಕ್ಕೆ ಬರುವಷ್ಟರಲ್ಲಿ ಹುಲಿ ಆ ಜಿಂಕೆಯ ಮರಿಯನ್ನು ಕಚ್ಚಿಕೊಂಡು ಹೋಗಿತ್ತು.

ಮುಸುವ ಕೆಳಗಿಳಿಯಿತು. "ಅಕ್ಕಾ, ನಾನು ಹೇಳುತ್ತಲೇ ಇದ್ದೆನಲ್ಲ!"

"ಹೇಳುತ್ತಲೇ ಇದ್ದೆ, ತಮ್ಮಾ. ಅದಕ್ಕೇ ನನ್ನ ಮಗು ಕದಲಲಿಲ್ಲ. ಕಾವಲಿನವರ ಕೂಗನ್ನು ಪೂರ್ತಿ ಕೇಳಿಯೇ ಓಡಬೇಕು ಅಂತ ನಾನೇ ಅದಕ್ಕೆ ಕಲಿಸಿದ್ದೆ."