ಹಳೇ ಡ್ರೈವರ್

ಮ್ಯಾನೇಜರ್ ವರದಯ್ಯನವರು ಗುಮಾಸ್ತನ ಮುಂದೆ ಮೊಬೈಲ್ ಹಿಡಿದರು. ಆನ್‌ಲೈನ್ ಗಾಲ್ಫ್ ಆಟದಲ್ಲಿ ಚೆಂಡನ್ನು ದೂರ ಹೊಡೆಯುವ ಕೋಲಿಗೆ ಡ್ರೈವರ್ ಅನ್ನುತ್ತಾರೆ. ಸಾಹೇಬರ ಬಳಿ ಅಂಥವು ಎರಡಿದ್ದವು.

"ಸಂಜೆ ಪಂದ್ಯ ಇದೆ. ಯಾವುದನ್ನು ಅಪ್‌ಗ್ರೇಡ್ ಮಾಡಲಿ, ನೀನೇ ಹೇಳು. ಸೋತರೆ ನಿನ್ನನ್ನು ಸುಮ್ಮನೆ ಬಿಡಲ್ಲ."

ಗುಮಾಸ್ತನಿಗೆ ಗುಮಾನಿ ಬಂತು. ಯಾವುದನ್ನು ಹೇಳಿದರೂ ತಪ್ಪು ತನ್ನ ತಲೆಗೇ ಬರುತ್ತದೆ.

"ಪಂದ್ಯ ಯಾರ ಜೊತೆ ಸಾರ್?"

"ಡೈರೆಕ್ಟರ್ ಜೊತೆ."

"ನಿಮ್ಮ ಪ್ರಮೋಷನ್ನಿಗೆ ಸಹಿ ಹಾಕೋರು ಅವರೇ ಅಲ್ವಾ? ಹಾಗಾದ್ರೆ ಅಪ್‌ಗ್ರೇಡ್ ಬೇಡ, ಹಳೇದೇ ಇರಲಿ."

ವರದಯ್ಯನವರ ಮುಖ ಅರಳಿತು. ಬಾಗಿಲವರೆಗೆ ಹೋದವರು ಅಲ್ಲೇ ನಿಂತು, ಮೆಲ್ಲಗೆ ತಿರುಗಿದರು.

"ಅಲ್ಲಯ್ಯಾ, ದಿನಾ ಊಟದ ಹೊತ್ತಲ್ಲಿ ಆಡುವಾಗ ನೀನು ನನ್ನ ಹತ್ರ ಸೋಲ್ತೀಯಲ್ಲ?"

ಗುಮಾಸ್ತ ಫೈಲಿನಿಂದ ತಲೆ ಎತ್ತಲಿಲ್ಲ.

"ನನ್ನದೂ ಹಳೇ ಡ್ರೈವರ್ರೇ ಸಾರ್."